ಗೋಲ್ಡ್ ಇಡಿ ಲ್ಯಾಕರ್: ಒಂದೇ ಜಿಗ್‌ನಲ್ಲಿ ಎರಡು ಶೇಡ್ ಬರುತ್ತಿದೆ, ದಯವಿಟ್ಟು ಸಹಾಯ ಮಾಡಿ

ಹೊಸೂರು_ಪ್ಲೇಟಿಂಗ್:
ಬಾಗಿಲ ಹ್ಯಾಂಡಲ್ ಜಾಬ್. ನಿಕಲ್ ಮೇಲೆ ಗೋಲ್ಡ್ ಟಿಂಟ್ ಇಡಿ ಲ್ಯಾಕರ್, ಅಂದರೆ ಬಾತ್‌ನಲ್ಲಿ (ಲ್ಯಾಕರ್ ದ್ರಾವಣದ ತೊಟ್ಟಿ) ಮುಳುಗಿಸಿ ಕರೆಂಟ್ ಕೊಟ್ಟು ಕೂರಿಸುವ ಬಂಗಾರದ ಛಾಯೆಯ ಪಾರದರ್ಶಕ ಪದರ. ಹಿತ್ತಾಳೆ ಥರ ಕಾಣಬೇಕು ಅಂತ ಪಾರ್ಟಿ ಕೇಳಿದ್ದಾರೆ. ಟ್ರಯಲ್‌ನಲ್ಲಿ 20 ಪೀಸ್ ತುಂಬಾ ಚೆನ್ನಾಗಿ ಬಂತು, ಅವರೂ ಒಪ್ಪಿದರು. ಈಗ ಲೈನಿಗೆ ಹಾಕಿದರೆ ಜಿಗ್‌ನ (ಪೀಸ್ ತೂಗುಹಾಕುವ ಚೌಕಟ್ಟು) ಅಂಚಿನ ಪೀಸ್ ಗಾಢ, ನಡುವಿನವು ಪೇಲವ. ಜೋಡಿ ಹ್ಯಾಂಡಲ್ ಪಕ್ಕಪಕ್ಕ ಇಟ್ಟರೆ ಎದ್ದು ಕಾಣುತ್ತದೆ. ಮೂರು ದಿನದಿಂದ ಸರಿಯಾಗಿ ನಿದ್ದೆ ಇಲ್ಲ. ಬಾತ್ ಹೊಸದು, ಎಲ್ಲ ಸರಿ ಇದೆ. ಈ ಫಿನಿಶ್ ಪ್ರೊಡಕ್ಷನ್‌ಗೆ ಆಗುತ್ತಾ, ಇಲ್ವಾ?

ಕಾಸರಗೋಡು_ಲ್ಯಾಕರ್:
ನೀರು ನೋಡಿ ಮಾರಾಯ್ರೇ. ನಿಕಲ್ ಆದ ಮೇಲೆ ಸರಿ ತೊಳೆಯದಿದ್ದರೆ ಉಪ್ಪು ಬಾತ್‌ಗೆ ಹೋಗುತ್ತದೆ. ಕೊನೆಯ ತೊಳೆತ ಡಿಐ ನೀರಲ್ಲೇ, ಅಂದರೆ ಉಪ್ಪಿನಂಶ ತೆಗೆದ ನೀರಲ್ಲೇ ಆಗಬೇಕು.

ಹೊಸೂರು_ಪ್ಲೇಟಿಂಗ್:
ಡಿಐ ಇದೆ ಸಾರ್. ಮೀಟರ್ 8 ಮೈಕ್ರೋಸೀಮೆನ್ಸ್ ತೋರಿಸುತ್ತಿದೆ, ಅಂದರೆ ನೀರಲ್ಲಿ ಉಪ್ಪು ತೀರಾ ಕಡಿಮೆ.

ಕಾಸರಗೋಡು_ಲ್ಯಾಕರ್:
ಮೀಟರ್ ಸರಿ ಇದೆಯಾ? ನಮ್ಮಲ್ಲಿ ನೀರಿನ ಉಪ್ಪು ಹಿಡಿಯುವ ರೆಸಿನ್ ಸೋತದ್ದು ಒಂದು ವಾರ ಗೊತ್ತೇ ಆಗಿರಲಿಲ್ಲ.

ಕೊಲ್ಹಾಪುರ_ಇಡಿ:
ನೀರಿನ ತಪ್ಪಾದರೆ ಕಲೆ ಬೀಳುತ್ತದೆ ರೀ. ಅಂಚು ಗಾಢ, ನಡು ತಿಳಿ ಅಂತ ಸಾಲು ಹಿಡಿದು ಬರುವುದಿಲ್ಲ. ಟಿಂಟ್ ಅಂದರೆ ಬಣ್ಣ ಹಾಕಿದ ಗಾಜಿನ ಥರ. ಪದರ ದಪ್ಪ ಆದಷ್ಟೂ ಗಾಢ. ಕ್ಲಿಯರ್ ಲ್ಯಾಕರ್‌ನಲ್ಲಿ 8 ಮೈಕ್ರಾನ್, 12 ಮೈಕ್ರಾನ್ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಟಿಂಟ್‌ನಲ್ಲಿ ಬಿದ್ದೇ ಬೀಳುತ್ತದೆ. ನಿಮ್ಮದು ಎಷ್ಟು ದಪ್ಪ?

ಹೊಸೂರು_ಪ್ಲೇಟಿಂಗ್:
ಗೇಜ್ ಒಂದೊಂದು ಸಲ ಒಂದೊಂದು ಹೇಳುತ್ತಿದೆ.

ಕೊಲ್ಹಾಪುರ_ಇಡಿ:
ಹೇಳಲೇಬೇಕು. ನಿಕಲ್ ಅಯಸ್ಕಾಂತಕ್ಕೆ ಅಂಟುವ ಲೋಹ, ಅದೇ ಗೇಜಿನ ಲೆಕ್ಕ ಕೆಡಿಸುತ್ತದೆ. ಪ್ಲೇಟಿಂಗ್ ಇಲ್ಲದ ಹಿತ್ತಾಳೆ ತಗಡು ಜಿಗ್‌ನ ಅಂಚಿಗೊಂದು, ನಡುವಿಗೊಂದು ಕಟ್ಟಿ. ಬೇಕ್ ಆದ ಮೇಲೆ (ಒವನ್‌ನಲ್ಲಿ ಕಾಯಿಸಿ ಗಟ್ಟಿ ಮಾಡಿದ ಮೇಲೆ) ಎಡ್ಡಿ ಕರೆಂಟ್ ಗೇಜ್ ಹಿಡಿಯಿರಿ, ಅದು ಹಿತ್ತಾಳೆಯಂಥ ಅಯಸ್ಕಾಂತಕ್ಕೆ ಅಂಟದ ಲೋಹದ ಮೇಲಿನ ಪದರ ಅಳೆಯುವಂಥದ್ದು. ಝೀರೋ ಕೂಡ ಅಂಥದೇ ಖಾಲಿ ತಗಡಿನ ಮೇಲೆ ಮಾಡಿ.

ರಾಯದುರ್ಗ_ಫಿನಿಶರ್:
ಇಷ್ಟು ಕಷ್ಟ ಯಾಕೆ, ಪಿವಿಡಿ (ನಿರ್ವಾತದಲ್ಲಿ ಲೋಹದ ಆವಿಯಿಂದ ಪದರ ಕೂರಿಸುವುದು) ಮಾಡಿಸಿ. ಬಿಸಿಲಿಗೂ ಬಣ್ಣ ಹೋಗುವುದಿಲ್ಲ.

ಕೊಲ್ಹಾಪುರ_ಇಡಿ:
ವ್ಯಾಕ್ಯೂಮ್ ಚೇಂಬರ್ ಸಣ್ಣ ಶಾಪಿನವರು ಎಲ್ಲಿಂದ ತರಬೇಕು? ಬಿಸಿಲಿನ ಮಾತು ಒಪ್ಪುತ್ತೇನೆ, ಡೈ (ಬಣ್ಣ) ಬೆರೆಸಿದ ಟಿಂಟ್ ಹೊರಬಾಗಿಲಿಗೆ ಬೇಡ. ಇವರದ್ದು ಒಳಬಾಗಿಲಾ ಹೊರಬಾಗಿಲಾ ಅಂತ ಕೇಳದೆ ಪಿವಿಡಿ ಅನ್ನುವುದು ಸರಿಯಲ್ಲ.

ರಾಯದುರ್ಗ_ಫಿನಿಶರ್:
ನಾನೂ ಇಡಿ ಮಾಡುತ್ತೇನೆ. ಪೂರ್ತಿ 2 ನಿಮಿಷ ಕರೆಂಟ್ ಕೊಡುತ್ತೇನೆ. ಶೇಡ್ ತಕರಾರು ಬಂದೇ ಇಲ್ಲ.

ಹೊಸೂರು_ಪ್ಲೇಟಿಂಗ್:
2 ನಿಮಿಷವಾ? ನಾವು ಟ್ರಯಲ್‌ನಲ್ಲಿ 90 ಸೆಕೆಂಡ್ ಕೊಟ್ಟಿದ್ದೆವು. ಲೈನಲ್ಲಿ 35. ಪೀಸ್ ಜಾಸ್ತಿ ಬೇಕಲ್ವಾ? ಬಣ್ಣ ಕಡಿಮೆ ಆಯಿತು ಅಂತ 45 ವೋಲ್ಟ್ ಇದ್ದದ್ದನ್ನು 70ಕ್ಕೆ ಏರಿಸಿದೆವು.

ಕೊಲ್ಹಾಪುರ_ಇಡಿ:
ಇದನ್ನು ಮೊದಲೇ ಹೇಳಬಾರದಿತ್ತಾ ಅಣ್ಣ! ಕರೆಂಟ್ ಮೊದಲು ಅಂಚಿಗೆ ಹೋಗುತ್ತದೆ. ಅಲ್ಲಿ ಪದರ ಕೂತು ಕರೆಂಟಿಗೆ ತಡೆಯಾದ ಮೇಲೆ ನಡುವಿನ ಪೀಸ್‌ಗೆ ಸರದಿ. ನೀವು ಆ ಸರದಿ ಮುಗಿಯುವ ಮೊದಲೇ ಎತ್ತುತ್ತಿದ್ದೀರಿ. 45ಕ್ಕೆ ಇಳಿಸಿ, 90 ಸೆಕೆಂಡ್ ಬಿಡಿ.

ಕಾಸರಗೋಡು_ಲ್ಯಾಕರ್:
ಅದು ಮಾಡಿ. ಆದರೆ ಡಿಐ ಮೀಟರನ್ನೂ ಒಮ್ಮೆ ನೋಡಿ.

ಹೊಸೂರು_ಪ್ಲೇಟಿಂಗ್:
ತಗಡು ಕಟ್ಟಿ ನೋಡಿದೆ. ಹಳೆಯ ಸೆಟ್ಟಿಂಗ್‌ನಲ್ಲಿ ಅಂಚು 14, ನಡು 8 ಮೈಕ್ರಾನ್. 45 ವೋಲ್ಟ್, 90 ಸೆಕೆಂಡ್‌ಗೆ 11, 10. ಜೋಡಿ ಹ್ಯಾಂಡಲ್‌ನ ಬಣ್ಣ ಕೂಡುತ್ತಿದೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವು ಒಳಬಾಗಿಲಿನವೇ. ಪೀಸ್ ಮಾತ್ರ ಅರ್ಧಕ್ಕಿಂತ ಕಡಿಮೆ ಆಯಿತು. ಆ ರೇಟಿಗೆ ಪಾರ್ಟಿ ಒಪ್ಪಿದರೆ ಮಾತ್ರ ಜಾಬ್ ಮುಂದುವರಿಸುತ್ತೇನೆ.

ಇನ್ನೊಂದು. ಸಂಜೆಯ ಜಿಗ್ ಬೆಳಗಿನದಕ್ಕಿಂತ ಒಂದು ಚೂರು ತಿಳಿ. ದಪ್ಪ ಅಷ್ಟೇ ಇದೆ. ಡೈ ಬೇಗ ಖಾಲಿಯಾಗುತ್ತಿದೆಯಾ?

ರಾಯದುರ್ಗ_ಫಿನಿಶರ್:
ಲ್ಯಾಕರ್, ಡೈ ಎರಡೂ ಒಂದೇ ಲೆಕ್ಕದಲ್ಲಿ ಇಳಿಯುವುದಿಲ್ಲ. ದಿನಕ್ಕೆ ಎಷ್ಟು ಜಿಗ್ ಹೋಗುತ್ತದೆ, ಡೈ ಯಾವಾಗ ಹಾಕಿದ್ದು?