ಶ್ರೀಶೈಲ ಪಾದಯಾತ್ರೆ: ರಾಯಚೂರು ದಾಟಿದ ಮೇಲೆ ವಸ್ತಿ, ಊಟ ಹೇಗೆ?

ಗುಳೇದಗುಡ್ಡದವಳು:

ಎಲ್ಲರಿಗೂ ಶರಣು. ಯುಗಾದಿಗೆ ಶ್ರೀಶೈಲದ ಮಲ್ಲಯ್ಯನ (ಮಲ್ಲಿಕಾರ್ಜುನ) ದರ್ಶನಕ್ಕೆ ನಮ್ಮ ಓಣಿಯಿಂದ 11 ಮಂದಿ ಹೊರಟಿದ್ದೇವೆ. ಮಲ್ಲಯ್ಯನ ಕಂಬಿ ಹೊತ್ತು ಸಾಗುವ ದೊಡ್ಡ ತಂಡದ ಜೊತೆಗಲ್ಲ, ನಮ್ಮಷ್ಟಕ್ಕೆ ನಾವೇ. ರಾಯಚೂರಿನವರೆಗೆ ಬಸ್ಸು, ಅಲ್ಲಿಂದ ನಡಿಗೆ. ಮೂವರು ಹೆಣ್ಣುಮಕ್ಕಳಿದ್ದೇವೆ. ನಮ್ಮ ಅತ್ತೆಗೆ 62 ವರ್ಷ, ಸಕ್ಕರೆ ಕಾಯಿಲೆ ಇದೆ, ಗುಳಿಗೆ ತಗೊಳ್ತಾರೆ. ಸಾಮಾನಿಗೆ ಒಂದು ಟಂಟಂ ಮಾತಾಡಿದ್ದೇವೆ.

ದಾರಿಯುದ್ದಕ್ಕೂ ದಾಸೋಹ ಇರುತ್ತದೆ, ಏನೂ ಒಯ್ಯಬೇಡಿ ಅಂತ ಕೆಲವರು ಹೇಳುತ್ತಾರೆ. ಕಾಡಿನಲ್ಲಿ ನೀರೂ ಸಿಗುವುದಿಲ್ಲ ಅಂತ ಇನ್ನು ಕೆಲವರು. ರಾತ್ರಿ ಎಲ್ಲೆಲ್ಲಿ ಮಲಗಬೇಕು, ಊಟಕ್ಕೆ ಎಷ್ಟು ಕಟ್ಟಿಕೊಳ್ಳಬೇಕು, ಶ್ರೀಶೈಲದಲ್ಲಿ ರೂಮು ಸಿಗುತ್ತದಾ? ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಕೃಷ್ಣಾತೀರ:

ಅಕ್ಕಾರ, ಇಬ್ಬರ ಮಾತೂ ಖರೇನ. ಡಾಂಬರ ರಸ್ತಾದಾಗ ಉಪವಾಸ ಬೀಳೂದಿಲ್ಲ. ವಿಚಾರ ಮಾಡಬೇಕಾದ್ದು ಕಡೀ ಎರಡು ದಿನದ ಕಾಡಿನ ದಾರೀದು.

ಮೊದಲ ಡಾಂಬರ ರಸ್ತಾದ್ದು ಹೇಳ್ತೀನ್ರಿ. ರಾಯಚೂರಿಂದ ಐಜ, ಶಾಂತಿನಗರ ಹಿಡದು ಕರ್ನೂಲ ಸುಮಾರು 100 ಕಿ.ಮೀ. ಐಜ, ಶಾಂತಿನಗರ ತೆಲಂಗಾಣಕ್ಕ ಸೇರ್ತಾವು. ತುಂಗಭದ್ರಾ ದಾಟಿದ್ರ ಕರ್ನೂಲ, ಅಂದ್ರ ಆಂಧ್ರ. ಅಲ್ಲಿಂದ ನಂದಿಕೊಟ್ಕೂರ ಮ್ಯಾಲೆ ಆತ್ಮಕೂರಿಗೆ ಮತ್ತ 70ರಷ್ಟು. ದಿನಕ್ಕ 28-30 ಕಿ.ಮೀ. ಹಿಡದ್ರ ಆತ್ಮಕೂರಿಗೆ ಆರು ದಿನ, ಕಾಡಿಗೆ ಎರಡು ದಿನ. ಮ್ಯಾಲೊಂದು ದಿನ ಕೈಯಾಗ ಇಟಗೋರಿ. ಯಾರದರ ಕಾಲು ಬೊಬ್ಬಿ ಎದ್ದೇ ಏಳ್ತಾವು, ಅವತ್ತು ಆ ದಿನ ಬೇಕಾಗ್ತದ.

ವಸ್ತಿಗೆ ಊರ ಗುಡಿ, ಕಲ್ಯಾಣ ಮಂಟಪ, ಹತ್ತಿ ಜಿನ್ನು, ಪೆಟ್ರೋಲ್ ಬಂಕಿನ ಬಾಜೂ ಕಟ್ಟಿ, ಎಲ್ಲಾ ಕೊಡ್ತಾರ. ಸಾಲಿ ನೆಚ್ಚಬ್ಯಾಡ್ರಿ. ಮಾರ್ಚಿನಾಗ ಪರೀಕ್ಷಾ ಇರ್ತಾವು, ಸಂಜೀತನ ಕೋಲಿ ಬಿಡೂದಿಲ್ಲ. ಹೆಣ್ಣಮಕ್ಕಳಿದ್ದಲ್ಲೆ ಮಲಗೂ ಜಾಗಾಕಿಂತ ಮೊದಲ ಪಾಯಖಾನಿ ನೋಡ್ರಿ. ಅದು ಬಂಕಿನಾಗ, ಮಂಟಪದಾಗ ಸಿಗ್ತದ, ಸಣ್ಣ ಗುಡಿಯೊಳಗ ಸಿಗೂದಿಲ್ಲ. ಟಂಟಂದಾಗ ಒಬ್ಬರನ್ನ ಮಧ್ಯಾಹ್ನ ಮೂರಕ್ಕ ಮುಂದ ಕಳಸ್ರಿ. ಕತ್ತಲಾದ ಮ್ಯಾಲೆ 11 ಮಂದಿ ಹೋಗಿ ಕೇಳಿದ್ರ ಯಾರೂ ಜಾಗಾ ತೋರಸೂದಿಲ್ಲ. ಒಬ್ಬರು ಹೊತ್ತಿದ್ದಾಗ ಕೇಳಿದ್ರ ಊರವ್ರ ನಿಂತು ಕಸಾ ಹೊಡಿಸಿ ಕೊಡ್ತಾರ. ತೆಲುಗು ಬರದಿದ್ರೂ "ಇಕ್ಕಡ ಪಡುಕೋವಚ್ಚಾ?" (ಇಲ್ಲಿ ಮಲಗಬಹುದಾ), "ನೀಳ್ಳು ಎಕ್ಕಡ?" (ನೀರು ಎಲ್ಲಿ), ಇವೆರಡು ಸಾಕು. ನಮ್ಮ ದಾಸೋಹಕ್ಕ ಅಲ್ಲಿ ಮಂದಿ ಅನ್ನದಾನಂ ಅಂತಾರ. ಬೋರ್ಡಿನ ಅಕ್ಷರ ನಮಗೂ ಓದಾಕ ಬರ್ತದ, ನೋಡಕೋತ ಹೋಗ್ರಿ.

ನಡ್ಯಾಣ ನಸುಕಿನ ಮೂರೂವರಿಯಿಂದ ಹತ್ತರತನಕ, ಮತ್ತ ಸಂಜಿ ನಾಕೂವರಿಯಿಂದ ಏಳೂವರಿ. ನಡುವ ಡಾಂಬರ ಕಾಯ್ದಿರ್ತದ, ಬರಿಗಾಲಿನವ್ರಿಗೆ ಅಂಗಾಲ ಸುಟ್ಟು ಬೊಬ್ಬಿ ಬರೂದು ಆವಾಗನ. ನಸುಕಿನ ನಡಿಗಿಯೊಳಗ ಲಾರಿ ಓಡ್ಯಾಡ್ತಾವು. ಮುಂದಿನವ್ರಿಗೆ, ಹಿಂದಿನವ್ರಿಗೆ ಬ್ಯಾಟ್ರಿ ಇರಲಿ, ಬೆನ್ನಿಗೆ ಹೊಳಿಯೂ ಪಟ್ಟಿ ಹಚ್ಚರಿ.

ನಲ್ಲಮಲ ದಾರಿ:

ಕಾಡಿನ ಭಾಗವನ್ನು ನಾನು ಬರೆಯುತ್ತೇನೆ. ಹೆಚ್ಚು ಜನ ಎಡವುವುದು ಇಲ್ಲಿಯೇ.

ಆತ್ಮಕೂರಿನ ಹತ್ತಿರದ ವೆಂಕಟಾಪುರದಿಂದ ಕಾಲುದಾರಿ ಶುರು. ನಾಗಲೂಟಿ, ಪೆಚ್ಚೆರುವು, ಭೀಮನಕೊಳ್ಳ, ಕೈಲಾಸ ದ್ವಾರ, ಹಾಟಕೇಶ್ವರ, ಆಮೇಲೆ ಶ್ರೀಶೈಲ. ಒಟ್ಟು 40 ಕಿ.ಮೀ. ಆಸುಪಾಸು. ಇದು ನಾಗಾರ್ಜುನಸಾಗರ-ಶ್ರೀಶೈಲ ಹುಲಿ ಸಂರಕ್ಷಿತ ಪ್ರದೇಶ. ಶಿವರಾತ್ರಿ, ಯುಗಾದಿಯ ಹೊತ್ತಿಗೆ ಮಾತ್ರ ಅರಣ್ಯ ಇಲಾಖೆ ಪಾದಯಾತ್ರಿಗಳನ್ನು ಬಿಡುತ್ತದೆ. ದಾಸೋಹದ ಡೇರೆಗಳೂ ಆ ಕೆಲವೇ ದಿನ. ಬಹುಪಾಲು ನಮ್ಮ ಕಡೆಯ ಭಕ್ತರೇ ಅಕ್ಕಿ ಬೇಳೆ ಹೊತ್ತು ಹೋಗಿ ಹಾಕಿರುತ್ತಾರೆ, ಜನ ಕಡಿಮೆಯಾದ ಕೂಡಲೇ ಬಿಚ್ಚುತ್ತಾರೆ. ಹಬ್ಬದ ಮುನ್ನಾದಿನ ಶ್ರೀಶೈಲ ಸೇರುವ ಲೆಕ್ಕ ಹಾಕಿದರೆ ನೀವು ಕಾಡಿಗಿಳಿಯುವಷ್ಟರಲ್ಲಿ ಅರ್ಧ ಡೇರೆ ಖಾಲಿ. ಯುಗಾದಿಗೆ ನಾಲ್ಕೈದು ದಿನ ಮೊದಲೇ ವೆಂಕಟಾಪುರ ಮುಟ್ಟಿ.

ನಿಮ್ಮ ಟಂಟಂ ಕಾಡಿನೊಳಗೆ ಬರುವುದಿಲ್ಲ. ಆತ್ಮಕೂರಿನಿಂದ ದೋರ್ನಾಲದ ಮೇಲೆ ಘಾಟಿ ಹತ್ತಿ ಸುತ್ತಿಕೊಂಡು ಶ್ರೀಶೈಲಕ್ಕೆ ಬರಬೇಕು. ಅಂದರೆ ಎರಡು ದಿನ ಸಾಮಾನೊಂದು ಕಡೆ, ನೀವೊಂದು ಕಡೆ. ನಡುವೆ ಮೊಬೈಲ್ ಸಿಗ್ನಲ್ ಕೂಡ ನೆಚ್ಚುವಂತಿಲ್ಲ. ಹಾಗಾಗಿ ಆತ್ಮಕೂರಿನಲ್ಲೇ ಗಂಟು ಬೇರೆ ಮಾಡಿ. ಅತ್ತೆಯವರ ಗುಳಿಗೆ ಎಲ್ಲವೂ ನಿಮ್ಮ ಕೈಚೀಲದಲ್ಲಿರಲಿ, ಗಾಡಿಯಲ್ಲಿ ಬೇಡ. ಚಾಲಕನಿಗೆ ಸೇರುವ ಜಾಗ, ಹೊತ್ತು ಎರಡನ್ನೂ ಚೀಟಿಯಲ್ಲಿ ಬರೆದುಕೊಡಿ. "ಗುಡಿ ಹತ್ತಿರ" ಅಂದರೆ ಆ ಜನಸಂದಣಿಯಲ್ಲಿ ಯಾರೂ ಯಾರಿಗೂ ಸಿಗುವುದಿಲ್ಲ.

ಮೊದಲ ದಿನ ಬೆಳಕು ಹರಿಯುತ್ತಲೇ ಒಳಗೆ ಹೋಗಿ. ನಾಗಲೂಟಿಯಲ್ಲಿ ವೀರಭದ್ರನ ಗುಡಿ ಇದೆ. ಅಲ್ಲಿ ಊಟ ಸಿಕ್ಕರೆ ಮುಗಿಸಿ, ನೀರು ತುಂಬಿಕೊಂಡು, ನೆರಳು ಇರುವಾಗಲೇ ಏರು ಹತ್ತಿ. ಅಲ್ಲಿಂದ ಮುಂದೆ ತಲೆಗೆ 3 ಲೀಟರ್ ನೀರು ಬೇಕು. ಸ್ಟೀಲ್ ಬಾಟಲಿಯೇ ಇರಲಿ, ಕಾಡಿನೊಳಗೆ ಪ್ಲಾಸ್ಟಿಕ್ ನಿಷೇಧ. ರಾತ್ರಿ ವಸ್ತಿ ಪೆಚ್ಚೆರುವಿನಲ್ಲಿ. ಅಲ್ಲಿ ಕೆರೆ ಇದೆ, ಚೆಂಚು ಬುಡಕಟ್ಟಿನ ಜನರ ಗುಡಿಸಲುಗಳಿವೆ, ಡೇರೆಗಳೆಲ್ಲ ಸೇರುವುದೂ ಅಲ್ಲಿಯೇ. ಸಂಜೆ ನಾಲ್ಕರೊಳಗೆ ಮುಟ್ಟಿದರೆ ಡೇರೆಯ ಕೆಳಗೆ ಜಾಗ, ತಡವಾದರೆ ಬಯಲು. ಅದಕ್ಕೇ 12 ಅಡಿಗೆ 15 ಅಡಿಯ ಹಗುರ ತಾಡಪಾಲು ಒಂದು ನಿಮ್ಮ ಜೊತೆಯೇ ಇರಲಿ, ಹಾಸಲು ಸಾಕು. ಹಗಲು ಎಷ್ಟೇ ಸೆಕೆ ಇದ್ದರೂ ಬೆಳಗಿನ ಜಾವ ತಂಪು, ಒಂದೊಂದು ಚಾದರ ಬೇಕು. ಕೆರೆಯ ನೀರನ್ನು ಕುಡಿಯಬೇಡಿ, ಟ್ಯಾಂಕರ್ ಅಥವಾ ಡೇರೆಯ ನೀರನ್ನೇ ಕೇಳಿ. ಕತ್ತಲಾದ ಮೇಲೆ ಅಲ್ಲಿಂದ ಹೊರಡಲೇಬೇಡಿ, ಎಷ್ಟು ಜನ ಕರೆದರೂ ಸರಿಯೇ.

ಎರಡನೇ ದಿನ ಬೆಳಕಾಗುತ್ತಲೇ ಹೊರಟರೆ ಒಂಬತ್ತರ ಸುಮಾರಿಗೆ ಭೀಮನಕೊಳ್ಳ. ಇದೊಂದು ಆಳವಾದ ಕಣಿವೆ. ಕಲ್ಲಿನ ಮೆಟ್ಟಿಲಲ್ಲಿ ಇಳಿದು, ಆಚೆ ಬದಿಗೆ ನೂರಾರು ಮೆಟ್ಟಿಲು ಹತ್ತಿದರೆ ಕೈಲಾಸ ದ್ವಾರ. ಇಳಿಯುವಾಗ ಮೊಣಕಾಲು, ಹತ್ತುವಾಗ ಉಸಿರು. ಮಧ್ಯಾಹ್ನ 12ಕ್ಕೆ ಆ ಏರಿನಲ್ಲಿದ್ದರೆ ಕಲ್ಲಿನ ಕಾವಿಗೇ ತಲೆ ತಿರುಗುತ್ತದೆ. ಕೈಗೊಂದು ಬಡಿಗೆ ಇರಲಿ. ಅತ್ತೆಯವರಿಗೆ ಕೊಳ್ಳ ಇಳಿಯುವ ಮೊದಲು ಏನಾದರೂ ತಿನ್ನಿಸಿ, ಬರಿಹೊಟ್ಟೆಯಲ್ಲಿ ಗುಳಿಗೆ ನುಂಗಿ ಏರು ಹತ್ತಿದರೆ ಸಕ್ಕರೆ ಇಳಿದು ಕುಸಿಯುವ ಭಯ. ಅವರಿಗೆ ಬರಿಗಾಲು ಬೇಡವೇ ಬೇಡ. ಸಕ್ಕರೆ ಇದ್ದವರಿಗೆ ಅಂಗಾಲಿನ ಗಾಯ ಗೊತ್ತೇ ಆಗದಿರಬಹುದು, ರಾತ್ರಿ ಬ್ಯಾಟರಿ ಹಿಡಿದು ನೀವೇ ನೋಡಬೇಕು. ವೆಂಕಟಾಪುರದಲ್ಲೇ ಕಾಲು ಊದಿದ್ದರೆ ಅವರನ್ನು ಟಂಟಂನಲ್ಲಿ ಕಳುಹಿಸಿ. ಕಾಡಿನ ನಡುವೆ ತೀರ್ಮಾನ ಬದಲಿಸಲು ಆಗುವುದಿಲ್ಲ.

ರೊಟ್ಟಿಗಂಟು:

ಕಾಡಿಗೆ ಕಟ್ಟಿಕೊಳ್ಳುವ ಬುತ್ತಿಯ ಲೆಕ್ಕ ಹೇಳುತ್ತೇನ್ರಿ. ದಾಸೋಹ ಸಿಕ್ಕರೆ ಉಳಿಯುತ್ತದೆ, ಸಿಗದಿದ್ದರೆ ಜೀವ ಹಿಡಿಯುತ್ತದೆ. ತಲೆಗೆ ಆರು ಖಡಕ್ ಜೋಳದ ರೊಟ್ಟಿ, 100 ಗ್ರಾಂ ಶೇಂಗಾ ಚಟ್ನಿಪುಡಿ, ನಾಲ್ಕು ಶೇಂಗಾ ಉಂಡಿ, ಎರಡು ಹಿಡಿ ಪುಠಾಣಿ. ಚಪಾತಿ ಬೇಡ, ಬಟ್ಟೆಯಲ್ಲಿ ಬೆವೆತು ಎರಡನೇ ದಿನಕ್ಕೆ ಬೂಸಲು ಹಿಡಿಯುತ್ತದೆ. ಮೊಸರನ್ನ ಆ ಬಿಸಿಲಿಗೆ ಮಧ್ಯಾಹ್ನದೊಳಗೆ ಹುಳಿ. ರೊಟ್ಟಿ ಚೀಲದಲ್ಲಿ ಚೂರಾಗುತ್ತದೆ ಅಂತ ಎಲ್ಲರ ದೂರು. ಎರಡು ಊಟದ ತಾಟನ್ನು ಬಾಯಿಗೆ ಬಾಯಿ ಹಚ್ಚಿ, ನಡುವೆ ರೊಟ್ಟಿ ಇಟ್ಟು, ಪಂಚೆಯಲ್ಲಿ ನಾಲ್ಕೂ ಮೂಲೆ ಎಳೆದು ಬಿಗಿಯಾಗಿ ಗಂಟು ಹಾಕಿ. ಅಲುಗಾಡದಿದ್ದರೆ ಮುರಿಯುವುದಿಲ್ಲ. ತಾಟು ಹೇಗೂ ದಾಸೋಹಕ್ಕೆ ಬೇಕು.

ಕಾಡಿನಲ್ಲಿ ಒಲೆ ಹಚ್ಚುವ ವಿಚಾರವನ್ನೇ ಬಿಡಿ. ಮಾರ್ಚಿನ ಒಣ ಎಲೆಗೆ ಒಂದು ಬೀಡಿ ಕಿಡಿ ಸಾಕು.

ಡೇರೆಯಲ್ಲಿ ಹುಗ್ಗಿ, ಬೂಂದಿ, ಅನ್ನ-ಸಾರು ಪ್ರೀತಿಯಿಂದ ಬಡಿಸುತ್ತಾರೆ. ಅರ್ಧ ಹೊಟ್ಟೆ ಉಂಡು ಏಳಿ. ತುಂಬ ಉಂಡು ಏರು ಹತ್ತಿದರೆ ವಾಂತಿ. ತಾಟಿಗೆ ಹಾಕಿಸಿಕೊಂಡದ್ದನ್ನು ಮಾತ್ರ ಚೆಲ್ಲಬೇಡಿ, ಆ ಅಕ್ಕಿಯನ್ನು ಜನ ನೂರಾರು ಕಿಲೋಮೀಟರಿನಿಂದ ತಂದಿರುತ್ತಾರೆ. ಬರೀ ನೀರು ಕುಡಿದರೆ ಬೆವರಿನಲ್ಲಿ ಹೋದ ಉಪ್ಪು ತುಂಬುವುದಿಲ್ಲ, ಕಾಲು ಸೆಟೆಯುತ್ತದೆ. ಹೊಟ್ಟೆ ಕೆಟ್ಟರೆ 1 ಲೀಟರ್ ಶುದ್ಧ ನೀರಿಗೆ ಮಟ್ಟಸ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಗುಟುಕು ಗುಟುಕಾಗಿ. ಉಪ್ಪು ಅದಕ್ಕಿಂತ ಹೆಚ್ಚು ಬೇಡ.

ನಲ್ಲಮಲ ದಾರಿ:

ರೂಮಿನದು ಬಿಟ್ಟುಹೋಗಿತ್ತು. ಯುಗಾದಿಯ ಐದು ದಿನ ದೇವಸ್ಥಾನದ ರೂಮು, ಸಮಾಜದ ಛತ್ರ ಎರಡನ್ನೂ ನೆಚ್ಚಬೇಡಿ. ಬಯಲಿನಲ್ಲಿ ಶಾಮಿಯಾನ ಹಾಕಿರುತ್ತಾರೆ, ಲಕ್ಷಾಂತರ ಜನ ಮಲಗುವುದು ಅಲ್ಲಿಯೇ. ನಿಮ್ಮ ತಾಡಪಾಲು ಅಲ್ಲೂ ಉಪಯೋಗ. ಊಟಕ್ಕೆ ದೇವಸ್ಥಾನದ ಅನ್ನದಾನವಿದೆ. ಕೃಷ್ಣೆಯಲ್ಲಿ ಸ್ನಾನ ಮಾಡುವ ಪಾತಾಳಗಂಗೆಗೆ ಮೆಟ್ಟಿಲಿಳಿದು ಹೋಗಬೇಕು. ಅತ್ತೆಯವರಿಗೆ ರೋಪ್‌ವೇ ಹತ್ತಿಸಿ, ಕೊಳ್ಳ ಹತ್ತಿ ಬಂದ ಕಾಲಿಗೆ ಮತ್ತೆ ಅಷ್ಟು ಮೆಟ್ಟಿಲು ಬೇಡ.

ಗುಳೇದಗುಡ್ಡದವಳು:

ಬಹಳ ಉಪಕಾರ ಆಯ್ತು. ಇನ್ನೊಂದೇ ಪ್ರಶ್ನೆ. ಶ್ರೀಶೈಲದ ದೇವಿ ಭ್ರಮರಾಂಬೆಗೆ ಉಡಿ ತುಂಬಲು ನಮ್ಮೂರಿನ ಖಣ, ಒಂದು ಇಳಕಲ್ಲ ಸೀರೆ ಒಯ್ಯುತ್ತಿದ್ದೇವೆ. ಅದನ್ನು ಗಾಡಿಯಲ್ಲಿ ಇಡೋಣವಾ?

ಕೃಷ್ಣಾತೀರ:

ಬ್ಯಾಡ್ರಿ ಅಕ್ಕಾರ. ನಮ್ಮ ಕಡಿ ಮಂದಿಗೆ ಆಕಿ ಮನಿ ಮಗಳು, ತವರಿನ ಉಡಿ ನಡದು ಬಂದವ್ರ ಕೈಯಾಗನ ಇರಲಿ. ಗಾಡಿ ಘಾಟಿನ್ಯಾಗ ಸಿಕ್ಕೊಂಡ್ರ ದರ್ಶನದ ಸರದಿಯೊಳಗ ಬರಿಗೈಲೆ ನಿಂದ್ರಬೇಕಾಗ್ತದ. ಎರಡೂ ಸೇರಿ ಒಂದು ಕಿಲೋನೂ ತೂಗೂದಿಲ್ಲ. ಒಣಗಿದ ಬಿಳಿ ಪಂಚೆದಾಗ ಎರಡು ಸುತ್ತು ಸುತ್ತಿ ಚೀಲದ ಮ್ಯಾಲಿನ ಭಾಗಕ್ಕ ಇಡ್ರಿ, ಕೆಳಗಿಟ್ರ ಬೆನ್ನಿನ ಬೆವರು ಹತ್ತಿ ಕಲೆ ಆಗ್ತದ. ಕುಂಕುಮದ ಪೊಟ್ಟಣ ಮಾತ್ರ ಅದರ ಜೋಡಿ ಕಟ್ಟಬ್ಯಾಡ್ರಿ, ಬ್ಯಾರೆ ಡಬ್ಬಿಯೊಳಗ ಹಾಕ್ರಿ.