ಚೋಕ್ ಟ್ಯೂಬ್ ಕಚ್ಚಿಕೊಂಡಿದೆ, ಬಿಚ್ಚೋದು ಹೇಗೆ?

ಪ್ರಶ್ನೆ (ಕಲಬುರಗಿ): ನಮಸ್ಕಾರ ಸರ್. ನನ್ನದು 12 ಬೋರ್, ನಳಿಗೆ ಒಂದರ ಮೇಲೊಂದು ಇರುವ ಬಂದೂಕು. ಲೈಸೆನ್ಸ್ ಇದೆ. ಕ್ಲೇ ಶೂಟಿಂಗ್‌ಗೆ (ಹಾರುವ ಬಿಲ್ಲೆಗೆ ಗುರಿಯಿಟ್ಟು ಹೊಡೆಯುವ ಆಟ) ಮಾತ್ರ ಬಳಸುತ್ತೇನೆ. ಕೆಳಗಿನ ನಳಿಗೆಯ ಚೋಕ್ (ಛರ್ರೆ ಎಷ್ಟು ಹರಡಬೇಕು ಅಂತ ಹಿಡಿತದಲ್ಲಿಡಲು ನಳಿಗೆ ಬಾಯೊಳಗೆ ತಿರುಗಿಸಿ ಕೂರಿಸುವ ಕೊಳವೆ) ಬಿಚ್ಚಿ ಎರಡು ವರ್ಷ ಆಯ್ತು. ಈಗ ಕೀಲಿ ಹಾಕಿದರೆ ಮಿಸುಕುತ್ತಿಲ್ಲ. ಓಣಿಯ ಗ್ಯಾರೇಜ್ ಹುಡುಗ ‘ಗ್ಯಾಸ್ ಬೆಂಕಿ ತೋರಿಸಿದರೆ ಸರಕ್ಕನೆ ಬರುತ್ತೆ’ ಅಂತಾನೆ. ಮಾಡಿಸಲಾ?

ಉತ್ತರ (ಬಂದೂಕು ರಿಪೇರಿಯವರು, ಬೀದರ್): ಬೇಡ ರೀ! ಎಷ್ಟೋ ಬಂದೂಕುಗಳಲ್ಲಿ ನಳಿಗೆ ಮೇಲಿನ ಪಟ್ಟಿ ಬೆಸುಗೆಯ ಮೇಲೇ ಕೂತಿರುತ್ತದೆ. ಸೀಸ-ತವರದ ಬೆಸುಗೆ 183 ಡಿಗ್ರಿಗೇ ಕರಗಲು ಶುರು. ಚೋಕ್ ಬರುತ್ತೋ ಇಲ್ಲವೋ, ಪಟ್ಟಿಯಂತೂ ಕೈಗೆ ಬರುತ್ತದೆ. ಇನ್ನೊಂದು, ಲೈಸೆನ್ಸ್ ಇಲ್ಲದವರಿಂದ ಬಂದೂಕು ರಿಪೇರಿ ಮಾಡಿಸುವ ಹಾಗಿಲ್ಲ. 1959ರ ಆಯುಧ ಕಾಯ್ದೆ ರಿಪೇರಿಗೂ ಲೈಸೆನ್ಸ್ ಕೇಳುತ್ತದೆ.

ಮೊದಲು ತೋಟಾ ಇಲ್ಲ ಅಂತ ಎರಡು ಸಲ ನೋಡಿ. ನಳಿಗೆಯನ್ನು ಬಂದೂಕಿನಿಂದ ಬೇರೆ ಮಾಡಿ. ತುಕ್ಕು ಬಿಡಿಸುವ ತೆಳು ಎಣ್ಣೆಯನ್ನು ಸ್ಟೀಲ್ ಲೋಟಕ್ಕೆ ಹಾಕಿ, ಚೋಕ್ ಮುಳುಗುವಷ್ಟು. ನಳಿಗೆ ಬಾಯಿ ಕೆಳಗೆ ಮಾಡಿ ಒಂದು ರಾತ್ರಿ ನಿಲ್ಲಿಸಿ. ಬಗ್ಗದಿದ್ದರೆ ಇನ್ನೊಂದು ರಾತ್ರಿ. ಕಚ್ಚಿರೋದು ತುಕ್ಕೊಂದೇ ಅಲ್ಲ. ಚೋಕ್ ಸ್ವಲ್ಪ ಸಡಿಲಾದರೆ ಸುಟ್ಟ ಮದ್ದಿನ ಮಸಿ, ಕರಗಿದ ಪ್ಲಾಸ್ಟಿಕ್ ವಾಡ್ (ತೋಟಾದೊಳಗೆ ಮದ್ದಿಗೂ ಛರ್ರೆಗೂ ನಡುವೆ ಇರುವ ಬಿರಡೆ) ಅದರ ಬೆನ್ನಿಗೆ ನುಗ್ಗಿ ಗಟ್ಟಿಯಾಗುತ್ತವೆ.

ಆಮೇಲೆ ಕುದಿಯುವ ನೀರಲ್ಲಿ ಅದ್ದಿದ ಬಟ್ಟೆಯನ್ನು ನಳಿಗೆ ತುದಿಗೆ ಹೊರಗಿನಿಂದ ಸುತ್ತಿ. ಹೊರಗಿನದು ಹಿಗ್ಗಿದಾಗ, ಚೋಕ್‌ಗೆ ಹೊಂದುವ ಕೀಲಿಯಿಂದಲೇ ಮೊದಲು ಕೂದಲೆಳೆಯಷ್ಟು ಬಿಗಿ ಕಡೆಗೆ, ನಂತರ ಸಡಿಲ ಕಡೆಗೆ ತಿರುಗಿಸಿ. ಸ್ಕ್ರೂಡ್ರೈವರ್, ಇಕ್ಕಳ ಹಚ್ಚಬೇಡಿ, ಜಾರಿದರೆ ಗಾಡಿ ಹರಿದುಹೋಗುತ್ತದೆ. ವೈಸ್‌ನಲ್ಲಿ ಹಿಡಿದರೆ ನಳಿಗೆ ಚಪ್ಪಟೆ ಆಗುತ್ತದೆ.

ಇನ್ನೊಬ್ಬ ಸದಸ್ಯ (ಯಾದಗಿರಿ): ಗಾಡಿ ಅಂದ್ರೆ?

ಉತ್ತರ: ಕೀಲಿಯ ಹಲ್ಲು ಕೂರುವ ಕಚ್ಚು. ನಮ್ಮ ಅಂಗಡಿ ಮಾತು, ಕ್ಷಮಿಸಿ.

ಪ್ರಶ್ನೆ ಕೇಳಿದವರು: ಸರ್, ಎರಡನೇ ರಾತ್ರಿ ಆದ ಮೇಲೆ ‘ಟಕ್’ ಅಂತ ಸದ್ದು ಬಂತು, ಬಿಚ್ಚಿತು! ಒಳಗೆ ಡಾಂಬರಿನಂಥದ್ದು ಅಂಟಿತ್ತು. ಮುಂದೆ ಹೀಗಾಗದ ಹಾಗೆ ಏನು ಮಾಡಲಿ? ಚೋಕ್ ತೆಗೆದು ಸುಮ್ನೆ ಖಾಲಿ ಬಿಟ್ಟು ಹೊಡೆದರೆ?

ಉತ್ತರ: ಖಾಲಿ ಬಿಟ್ಟು ಒಂದು ಗುಂಡೂ ಹೊಡೆಯಬೇಡಿ, ಥ್ರೆಡ್ ಹಾಳಾಗುತ್ತದೆ. ಶೂಟಿಂಗ್ ಮುಗಿದ ದಿನವೇ ಚೋಕ್ ಬಿಚ್ಚಿ, ಹಳೇ ಟೂತ್‌ಬ್ರಷ್‌ನಿಂದ ಎರಡೂ ಕಡೆ ಥ್ರೆಡ್ ಉಜ್ಜಿ. ಗ್ರೀಸ್ ತೆಳುವಾಗಿ, ರೊಟ್ಟಿಗೆ ತುಪ್ಪ ಬಳಿಯುವ ಕೈ ಬೇಡ! ಜಾಸ್ತಿ ಆದರೆ ನಮ್ಮ ಕರಿ ಮಣ್ಣಿನ ಧೂಳೆಲ್ಲ ಅಲ್ಲೇ ಕೂರುತ್ತದೆ. ಕ್ಲೇ ಆಟದಲ್ಲಿ 25 ಗುಂಡು ಮುಗಿದ ಪ್ರತಿ ಸಲ, ಬಂದೂಕು ತೆರೆದು ಖಾಲಿ ಇದೆ ಅಂತ ನೋಡಿಕೊಂಡೇ, ಚೋಕ್ ಸಡಿಲಾಗಿದೆಯಾ ಅಂತ ಮುಟ್ಟಿ ನೋಡಿ. ಬಿಗಿ ಕೈಯಷ್ಟೇ ಸಾಕು, ಕೀಲಿ ಮೇಲೆ ನೇತಾಡಬೇಡಿ. ನಳಿಗೆ ಮೇಲೆ ಬೆರಳಿಗೆ ಉಬ್ಬು ಸಿಕ್ಕರೆ ಮಾತ್ರ ತಿರುಗಿಸಲು ಹೋಗದೆ ಲೈಸೆನ್ಸ್ ಇರುವ ಮಿಸ್ತ್ರಿ ಹತ್ತಿರ ತನ್ನಿ. ಅಂಥದ್ದನ್ನು ಲೇಥ್‌ನಲ್ಲಿ ಒಳಗಿನಿಂದ ಕೊರೆದೇ ತೆಗೆಯಬೇಕು.

ಮೇಲಿನ ನಳಿಗೆಯ ಚೋಕ್ ಯಾವಾಗ ಬಿಚ್ಚಿದ್ದು?

ಪ್ರಶ್ನೆ ಕೇಳಿದವರು: ಅದೂ ಎರಡು ವರ್ಷ ಆಯ್ತು ಸರ್… ಲೋಟ ಇನ್ನೂ ತೊಳೆದಿಲ್ಲ.