ಮಗಳ ತಲೆಯಲ್ಲಿ ಹುಳುಕಡ್ಡಿ: ಲೆನ್ಸ್‌ನಲ್ಲಿ ನೋಡಿಯೇ ಹೇಳಬಹುದಾ?

ಪುಟ್ಟಿಯ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳಿಗೆ ಆರು ವರ್ಷ. ಎಡಗಿವಿಯ ಮೇಲ್ಗಡೆ ನಾಣ್ಯದಷ್ಟು ಜಾಗದಲ್ಲಿ ಕೂದಲು ಹೋಗಿದೆ. ಪೂರ್ತಿ ಬೋಳಾಗಿಲ್ಲ. ಕೈಯಾಡಿಸಿದರೆ ಮೊಂಡು ಕೂದಲು ಚುಚ್ಚುತ್ತದೆ, ಬೂದಿ ಬಣ್ಣದ ಹೊಟ್ಟು ಉದುರುತ್ತದೆ. ರಾತ್ರಿ ಸುಮ್ನೆ ಮಲಗುವುದಿಲ್ಲ, ಕೆರೆದುಕೊಳ್ಳುತ್ತಲೇ ಇರುತ್ತಾಳೆ.

ಚರ್ಮದ ಡಾಕ್ಟರ್ ಹತ್ತಿರ ಹೋದೆವು. ಅವರು ಟಾರ್ಚಿನಂಥ ಒಂದು ಚಿಕ್ಕ ಲೆನ್ಸ್ ಹಿಡಿದು ಆ ಜಾಗವನ್ನು ನೋಡಿದರು. ಮೊಬೈಲಿಗೆ ಸಿಕ್ಕಿಸಿ ಫೋಟೋ ತೆಗೆದು ನನಗೂ ತೋರಿಸಿದರು. ತುಂಡಾದ ಕೂದಲೆಲ್ಲ ಅಲ್ಪವಿರಾಮದ ಹಾಗೆ ಬಾಗಿಕೊಂಡಿದ್ದವು. "ಇದು ಫಂಗಸ್" ಅಂದರು. ಒಂದಷ್ಟು ಕೂದಲು ಕಿತ್ತು ಲ್ಯಾಬಿಗೆ ಕಳಿಸಿದ್ದಾರೆ. ಆದರೆ ವರದಿಗೆ ಕಾಯುವುದು ಬೇಡ, ಈಗಲೇ ಮಾತ್ರೆ ಶುರು ಮಾಡಿ ಅಂತಾರೆ. ಅದೂ ವಾರಗಟ್ಟಲೆ ನುಂಗಬೇಕಂತೆ.

ಬರೀ ಲೆನ್ಸ್‌ನಲ್ಲಿ ನೋಡಿ ಇಷ್ಟು ಖಚಿತವಾಗಿ ಹೇಳೋಕೆ ಆಗುತ್ತಾ? ಕ್ರೀಮ್ ಹಚ್ಚಿದರೆ ಸಾಲದಾ? ಆನ್‌ಲೈನ್‌ನಲ್ಲಿ ಯುಎಸ್‌ಬಿ ಮೈಕ್ರೋಸ್ಕೋಪ್ ಸಿಗುತ್ತದಲ್ಲ, ಅದನ್ನು ತಂದು ಮನೆಯಲ್ಲೇ ನೋಡುತ್ತಾ ಇರಬಹುದಾ?

ಚರ್ಮವೈದ್ಯೆ

ಮೇಡಂ, ನಾನು ಚರ್ಮರೋಗ ವೈದ್ಯೆ. ಮಕ್ಕಳ ತಲೆಯನ್ನು ಈ ಲೆನ್ಸ್‌ನಲ್ಲಿ ನೋಡುವುದು ನನಗೆ ದಿನದ ಕೆಲಸ. ನೀವು ಫೋಟೋದಲ್ಲಿ ಕಂಡಿದ್ದನ್ನು ಇಷ್ಟು ಚೆನ್ನಾಗಿ ಬರೆದಿದ್ದೀರಲ್ಲ, ಅದರಿಂದ ನನ್ನ ಕೆಲಸ ಅರ್ಧ ಸುಲಭವಾಯಿತು.

ಆ ಲೆನ್ಸ್‌ನ ಹೆಸರು ಡರ್ಮೋಸ್ಕೋಪ್. ಸಾಮಾನ್ಯವಾಗಿ 10 ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಚರ್ಮದ ಹೊಳಪನ್ನು ತಡೆಯುವ ಬೆಳಕು ಅದರಲ್ಲೇ ಇರುತ್ತದೆ. ಫಂಗಸ್ ಅದರಲ್ಲಿ ಕಾಣುವುದಿಲ್ಲ, ಕಾಣುವುದು ಫಂಗಸ್ ಕೂದಲಿಗೆ ಮಾಡಿದ ಹಾನಿ. ಟ್ರೈಕೋಫೈಟನ್ ಜಾತಿಯ ಫಂಗಸ್ ಹೆಚ್ಚಾಗಿ ಕೂದಲಿನ ಒಳಗೇ ಹೊಕ್ಕು ಬೀಜಾಣು ತುಂಬುತ್ತದೆ. ಕೂದಲು ಸತ್ವ ಕಳೆದುಕೊಂಡು, ಬಾಗಿ, ಚರ್ಮದ ಹತ್ತಿರವೇ ಮುರಿಯುತ್ತದೆ. ನೀವು ನೋಡಿದ ಅಲ್ಪವಿರಾಮ ಅದೇ. ಅದರ ಬಣ್ಣ ಬುಡದಿಂದ ತುದಿಯವರೆಗೂ ಒಂದೇ, ತುದಿ ಓರೆಯಾಗಿ ಕತ್ತರಿಸಿದ ಹಾಗಿರುತ್ತದೆ. ಗುಂಗುರು ಕೂದಲಿನ ಮಕ್ಕಳಲ್ಲಿ ಇದೇ ಹಾನಿ ಸುರುಳಿ ಸುತ್ತಿಕೊಂಡು ಸ್ಕ್ರೂ ಥರ ಕಾಣುತ್ತದೆ. ಮೈಕ್ರೋಸ್ಪೋರಮ್ ಜಾತಿಯಾದರೆ ಫಂಗಸ್ ಕೂದಲಿನ ಹೊರಗೂ ಸುತ್ತಿಕೊಳ್ಳುತ್ತದೆ. ಆಗ ಕೂದಲಿನ ಉದ್ದಕ್ಕೂ ಅಲ್ಲಲ್ಲಿ ಬಿಳಿ ಅಡ್ಡಪಟ್ಟೆ ಕಾಣಬಹುದು, ಪಟ್ಟೆ ಇರುವ ಕಡೆ ಕೂದಲು ಅಂಕುಡೊಂಕಾಗಿ ಮಡಚಿಕೊಳ್ಳಬಹುದು. ಅಲ್ಪವಿರಾಮದ ಕೂದಲನ್ನು ಈ ಸೋಂಕಿನ ಗುರುತು ಅಂತ ವೈದ್ಯಕೀಯ ಪತ್ರಿಕೆಯಲ್ಲಿ ಬರೆದದ್ದು 2008ರಲ್ಲಿ. ಆಮೇಲೆ ಎಷ್ಟೋ ಕಡೆ ವೈದ್ಯರು ಇದೇ ಗುರುತನ್ನು ಕಂಡಿದ್ದಾರೆ.

ಕೂದಲು ವೃತ್ತಾಕಾರದಲ್ಲಿ ಉದುರುವ ಅಲೊಪೇಶಿಯ ಏರಿಯೇಟಾ ಬೇರೆಯೇ ಕಾಯಿಲೆ. ಅದರಲ್ಲಿ ಚರ್ಮ ನುಣುಪಾಗಿರುತ್ತದೆ, ಹೊಟ್ಟು ಇರುವುದಿಲ್ಲ. ಕೂದಲು ಬುಡದಲ್ಲಿ ಸಣ್ಣಗಾಗಿ ತುದಿಯಲ್ಲಿ ದಪ್ಪಗಿರುತ್ತದೆ. ಕೂದಲು ಕಿತ್ತುಕೊಳ್ಳುವ ಅಭ್ಯಾಸ ಇರುವ ಮಕ್ಕಳಲ್ಲಿ ಕೂದಲು ಒಂದೊಂದು ಉದ್ದಕ್ಕೆ ಮುರಿದಿರುತ್ತದೆ, ತುದಿ ಸೀಳಿರುತ್ತದೆ. ಕಪ್ಪು ಚುಕ್ಕೆ ಮಾತ್ರ ಮೂರರಲ್ಲೂ ಕಾಣಬಹುದು, ಅದೊಂದನ್ನೇ ನೋಡಿ ನಾನಂತೂ ಏನೂ ಹೇಳುವುದಿಲ್ಲ. ನಿಮ್ಮ ಮಗಳಿಗೆ ಹೊಟ್ಟು, ಮೊಂಡು ಕೂದಲು, ಅಲ್ಪವಿರಾಮ ಮೂರೂ ಸೇರಿವೆ. ವಯಸ್ಸೂ ಹೊಂದುತ್ತದೆ, ಈ ಸೋಂಕು ಜಾಸ್ತಿ ಬರುವುದು ಮಕ್ಕಳಿಗೇ. ಹಾಗಾಗಿ ವರದಿಗೆ ಕಾಯದೆ ಮಾತ್ರೆ ಶುರು ಮಾಡಿ ಅಂದದ್ದು ಸರಿಯಾಗಿದೆ.

ಲೆನ್ಸ್‌ನಲ್ಲಿ ಏನೂ ಕಾಣಲಿಲ್ಲ ಅಂತ ಸೋಂಕು ಇಲ್ಲ ಅನ್ನುವ ಹಾಗಿಲ್ಲ. ಕೀವು, ಪದರ ಕಟ್ಟಿದ್ದರೆ ಕೂದಲೇ ಕಾಣುವುದಿಲ್ಲ. ತಲೆಗೆ ಎಣ್ಣೆ ಹಚ್ಚಿಕೊಂಡು ಬಂದರೆ ಹೊಟ್ಟು ಮರೆಯಾಗುತ್ತದೆ. ಅದಕ್ಕೇ ನಾನು ಲೆನ್ಸ್ ಇಡಲು ತಲೆಗೆ ಜೆಲ್ ಹಾಕುವ ಮೊದಲು ಒಣ ತಲೆಯನ್ನೇ ಒಮ್ಮೆ ನೋಡುತ್ತೇನೆ. ಮುಂದಿನ ಸಲ ಹೋಗುವಾಗ ಎಣ್ಣೆ ಬೇಡ.

ಲ್ಯಾಬ್ ಬೆಂಚು

ಆ ಕೂದಲು ಲ್ಯಾಬಿಗೆ ಬಂದ ಮೇಲೆ ನೋಡುವುದು ನಾವು, ಅದರ ಬಗ್ಗೆ ಒಂದೆರಡು ಮಾತು.

ಡಾಕ್ಟರ್ ಲೆನ್ಸ್‌ನಲ್ಲಿ ನೋಡಿ ಆರಿಸಿ ಕಳಿಸಿದ ಮೊಂಡು ಕೂದಲಿಗೂ, ಕಣ್ಣಂದಾಜಿನಲ್ಲಿ ಕಿತ್ತು ಕಳಿಸಿದ ಉದ್ದ ಕೂದಲಿಗೂ ತುಂಬಾ ವ್ಯತ್ಯಾಸ ಇದೆ. ಉದ್ದನೆಯದು ಎಷ್ಟೋ ಸಲ ಆರೋಗ್ಯವಾಗಿಯೇ ಇರುತ್ತದೆ, ಅದರಲ್ಲಿ ಏನೂ ಸಿಗುವುದಿಲ್ಲ. ಬಾಗಿ ಮುರಿದ ತುಂಡಿನ ಮೇಲೆ 10ರಿಂದ 20 ಶೇಕಡಾ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ಕೂದಲು ಮೆತ್ತಗಾಗುತ್ತದೆ. ಆಮೇಲೆ ಸೂಕ್ಷ್ಮದರ್ಶಕದಲ್ಲಿ ಬೀಜಾಣುಗಳು ಒಳಗಿವೆಯೋ ಹೊರಗಿವೆಯೋ ನೋಡುತ್ತೇವೆ. ಇದು ಅವತ್ತೇ ಗೊತ್ತಾಗುತ್ತದೆ. ಯಾವ ಜಾತಿ ಅಂತ ಹೇಳಲು ಕಲ್ಚರ್ ಬೇಕು, ಅಂದರೆ ಫಂಗಸ್ಸನ್ನು ಲ್ಯಾಬಿನಲ್ಲಿ ಬೆಳೆಸಿ ನೋಡಬೇಕು, ಅದಕ್ಕೆ 2ರಿಂದ 4 ವಾರ ಹಿಡಿಯುತ್ತದೆ. ಮಾತ್ರೆ ಬದಲಿಸಬೇಕೋ ಬೇಡವೋ ಅನ್ನುವುದಕ್ಕೆ ಆ ವರದಿ ಕೆಲಸಕ್ಕೆ ಬರುತ್ತದೆ.

ಕೆಲವು ಕಡೆ ನೇರಳಾತೀತ ಬೆಳಕಿನ ವುಡ್ಸ್ ಲ್ಯಾಂಪ್ ಹಿಡಿದು ನೋಡುತ್ತಾರೆ. ಬೆಕ್ಕು ನಾಯಿಗಳಿಂದ ಬರುವ ಮೈಕ್ರೋಸ್ಪೋರಮ್ ಕ್ಯಾನಿಸ್ ಅದರಲ್ಲಿ ಹಸಿರಾಗಿ ಹೊಳೆಯುತ್ತದೆ. ಟ್ರೈಕೋಫೈಟನ್ ಟಾನ್ಸುರಾನ್ಸ್ ಹೊಳೆಯುವುದೇ ಇಲ್ಲ. ಲ್ಯಾಂಪ್‌ನಲ್ಲಿ ಏನೂ ಹೊಳೆಯಲಿಲ್ಲ ಅಂತ ಯಾರಾದರೂ ಮಾತ್ರೆ ನಿಲ್ಲಿಸಿ ಅಂದರೆ ಕೇಳಬೇಡಿ.

ಇಬ್ಬರು ಮಕ್ಕಳ ಅಪ್ಪ

ನಮ್ಮ ಮನೆಯಲ್ಲಿ ಬಂದದ್ದು ಬೆಕ್ಕಿನ ಮರಿಯಿಂದ. ಮಗನಿಗೆ ಕಾಣಿಸಿತು. ಡಾಕ್ಟರ್ ಅವನ ಅಕ್ಕನ ತಲೆಯನ್ನೂ ಲೆನ್ಸ್‌ನಲ್ಲಿ ನೋಡಿದರು, ಒಂದು ಗುರುತೂ ಇರಲಿಲ್ಲ. ಆದರೂ ಬ್ರಷ್‌ನಲ್ಲಿ ತಲೆಯೆಲ್ಲ ಉಜ್ಜಿ ಲ್ಯಾಬಿಗೆ ಕಳಿಸಿದರು. ಅವಳಲ್ಲೂ ಫಂಗಸ್ ಇತ್ತು! ಮನೆಯಲ್ಲಿ ಬೇರೆ ಮಕ್ಕಳಿದ್ದರೆ ಕೇಳಿ ನೋಡಿ ಮೇಡಂ. ಬಾಚಣಿಗೆ, ಟೋಪಿ, ಟವೆಲ್ ಬೇರೆ ಮಾಡಿ. ಬೆಕ್ಕನ್ನು ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ ಚಿಕಿತ್ಸೆ ಕೊಡಿಸಿದೆವು, ಓಡಿಸಲಿಲ್ಲ.

ಪುಟ್ಟಿಯ ಅಮ್ಮ

ತುಂಬಾ ಧನ್ಯವಾದಗಳು. ಡಾಕ್ಟ್ರೇ, ಕ್ರೀಮ್ ಮತ್ತು ಮೈಕ್ರೋಸ್ಕೋಪ್ ಬಗ್ಗೆಯೂ ಒಂದು ಮಾತು ಹೇಳಿ. ಇನ್ನೊಂದು ವಿಷಯ. ನಿನ್ನೆಯಿಂದ ಆ ಜಾಗ ಸ್ವಲ್ಪ ಉಬ್ಬಿದ ಹಾಗಿದೆ, ಮುಟ್ಟಿದರೆ ಮೆತ್ತಗಿದೆ, ನೋವು ಅಂತಾಳೆ.

ಚರ್ಮವೈದ್ಯೆ

ಉಬ್ಬಿದ್ದರೆ ನಾಳೆಯೇ ನಿಮ್ಮ ಡಾಕ್ಟರಿಗೆ ತೋರಿಸಿ, ಮುಂದಿನ ಭೇಟಿಯ ತಾರೀಖಿಗೆ ಕಾಯಬೇಡಿ. ಇದು ಕೀರಿಯಾನ್ ಆಗಿರಬಹುದು. ಫಂಗಸ್ ಮೇಲೆ ಮೈ ಜೋರಾಗಿ ಸಿಟ್ಟಾದಾಗ ಹೀಗೆ ಮೆತ್ತಗಿನ ಗಡ್ಡೆ ಎದ್ದು ಕೀವು ಸೋರುತ್ತದೆ. ನೋಡಿದವರು ಕುರು ಅಂದುಕೊಂಡು ಕೊಯ್ಯಲು ಹೊರಡುತ್ತಾರೆ. ಕೊಯ್ಯುವುದು ಬೇಡ, ಹಿಸುಕುವುದೂ ಬೇಡ. ಬೇಕಾದದ್ದು ಫಂಗಸ್‌ನ ಮಾತ್ರೆಯೇ. ತಡ ಮಾಡಿದರೆ ಕೂದಲಿನ ಬುಡವೇ ಸುಟ್ಟ ಹಾಗಾಗಿ ಆ ಜಾಗದಲ್ಲಿ ಮತ್ತೆ ಕೂದಲು ಬರದೆ ಹೋಗಬಹುದು. ಮಾತ್ರೆ ಇನ್ನೂ ಶುರು ಮಾಡಿಲ್ಲದಿದ್ದರೆ ಅದನ್ನೂ ಅವರಿಗೆ ಹೇಳಿ.

ಕ್ರೀಮ್ ಮೇಲಿನ ಚರ್ಮಕ್ಕೆ ಮಾತ್ರ ತಲುಪುತ್ತದೆ. ಸೋಂಕು ಇರುವುದು ಕೂದಲಿನ ಒಳಗೆ, ಬುಡದ ಆಳದಲ್ಲಿ. ಅಲ್ಲಿಗೆ ಔಷಧ ರಕ್ತದ ಮೂಲಕವೇ ಹೋಗಬೇಕು. ಗ್ರೈಸಿಯೋಫಲ್ವಿನ್ ಆದರೆ ಸಾಮಾನ್ಯವಾಗಿ 6ರಿಂದ 8 ವಾರ, ಕೆಲವರಿಗೆ ಇನ್ನೂ ಜಾಸ್ತಿ. ಅದನ್ನು ಕೊಬ್ಬಿನಂಶ ಇರುವ ಊಟದ ಜೊತೆ ಕೊಟ್ಟರೆ ಮೈಗೆ ಚೆನ್ನಾಗಿ ಹತ್ತುತ್ತದೆ. ಟರ್ಬಿನಾಫಿನ್ ಟ್ರೈಕೋಫೈಟನ್ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ, ಅವಧಿಯೂ ಕಡಿಮೆ. ಯಾವುದು, ಎಷ್ಟು ಅನ್ನುವುದನ್ನು ಮಗುವಿನ ತೂಕ ನೋಡಿ ನಿಮ್ಮ ಡಾಕ್ಟರೇ ಹೇಳಬೇಕು. ಜೊತೆಗೆ ಕೀಟೊಕೊನಜೋಲ್ ಶಾಂಪೂ ಕೊಡುತ್ತೇವೆ. ಅದು ಗುಣ ಮಾಡುವುದಕ್ಕಲ್ಲ, ಬೀಜಾಣು ಬೇರೆಯವರಿಗೆ ಹರಡದಿರಲಿ ಅಂತ.

ಮೈಕ್ರೋಸ್ಕೋಪ್ ತಂದರೆ ತಪ್ಪಿಲ್ಲ. ವಾರಕ್ಕೊಮ್ಮೆ ಅದೇ ಜಾಗದ ಫೋಟೋ ತೆಗೆದಿಟ್ಟು ಡಾಕ್ಟರಿಗೆ ತೋರಿಸಿ. ಬಾಗಿದ ತುಂಡುಗಳು ಕಡಿಮೆಯಾಗಿ ನೆಟ್ಟಗಿನ ಹೊಸ ಕೂದಲು ಬರುವುದು ಅದರಲ್ಲಿ ಕಾಣಬಹುದು. ಆದರೆ ಅದನ್ನು ನೋಡಿ ನೀವೇ ಮಾತ್ರೆ ನಿಲ್ಲಿಸಬೇಡಿ. ಲೆನ್ಸನ್ನು ತಲೆಗೆ ತಾಗಿಸದೆ ಹಿಡಿಯಿರಿ, ತಾಗಿದರೆ ಸ್ಪಿರಿಟ್‌ನಲ್ಲಿ ಒರೆಸದೆ ಇನ್ನೊಂದು ಮಗುವಿನ ತಲೆ ಮೇಲೆ ಇಡಬೇಡಿ.

ನಾಳೆ ಡಾಕ್ಟರ್ ಏನಂದರು ಅಂತ ಇಲ್ಲೇ ಬರೆಯಿರಿ, ನೋಡುತ್ತಿರುತ್ತೇನೆ.